ನೀರಿನ ಮುಂದೆ ನಡೆದವನು

ಒಲೆಯ ಮೇಲಿನ ಹೆಂಚಿನಿಂದ ರೊಟ್ಟಿಯನ್ನು ನಾನು ಬರಿಗೈಯಲ್ಲೇ ತೆಗೆಯುತ್ತೇನೆ. ಸುಡುವುದಿಲ್ಲ ಅಂತಲ್ಲ. ಸುಡುತ್ತದೆ, ನನಗೆ ಗೊತ್ತಾಗುವುದಿಲ್ಲ. ಆಮೇಲೆ ಬೊಬ್ಬೆ ಎದ್ದಾಗ, ಓಹೋ, ಇವತ್ತು ಸುಟ್ಟಿದೆ ಅಂದುಕೊಳ್ಳುತ್ತೇನೆ. ನೋಡಿದವರು ಹನುಮಮ್ಮನ ಮೈಯಲ್ಲಿ ದೇವರಿದೆ ಅನ್ನುತ್ತಾರೆ. ದೇವರೂ ಇಲ್ಲ, ದಿಂಡರೂ ಇಲ್ಲ. ಕಂಪನಿ ಕಾಲುವೆಯಲ್ಲಿ ನಿಂತು ಅದಿರು ತೊಳೆದ ಕೈ ಇದು.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ಕಂಡಕ್ಟರು ಕರೇಕಲ್ ಗುಡ್ಡ ಅಂತ ಕೂಗಿದರೆ ಇಳಿಯಬೇಕು. ಅದೇ ನಮ್ಮೂರು. ಗುಡ್ಡದ ತುಂಬ ಮ್ಯಾಂಗನೀಸು. ಮೊದಲು ಬಿಳಿಯರು ಅಗೆದರು, ಆಮೇಲೆ ಬೊಂಬಾಯಿ ಸೇಠು ಅಗೆದ. ಅಗೆದವರು ಅಂದರೆ ಅವರಲ್ಲ, ನಾವು. ಗುಡ್ಡದ ಬುಡದಲ್ಲಿ ಹಳ್ಳಕ್ಕೆ ಏರಿ ಹಾಕಿಸಿ ಕಂಪನಿಯವರು ಒಂದು ಕೆರೆ ಮಾಡಿದರು. ಕೆರೆಯಿಂದ ಅದಿರು ತೊಳೆಯುವ ಕಣದವರೆಗೆ ಕಾಲುವೆ ತೋಡಿಸಿದರು. ಆ ಕಾಲುವೆಯ ಮಣ್ಣು ಹೊತ್ತವಳು ನನ್ನ ಅತ್ತೆ. ಹೊಟ್ಟೆಯಲ್ಲಿ ನನ್ನ ಗಂಡ ಬೋರಪ್ಪ ಇದ್ದ.

ನಾನು ಮದುವೆಯಾಗಿ ಬಂದ ಮಾರನೇ ದಿನವೇ ಕಾಲುವೆಗೆ ಇಳಿದೆ. ಮೊಣಕಾಲುದ್ದ ನೀರು. ಕೈಯಲ್ಲಿ ಕಬ್ಬಿಣದ ಜರಡಿ. ಗಂಡಸರು ಬುಟ್ಟಿ ತಂದು ಸುರಿಯುವುದು, ನಾವು ಅಲ್ಲಾಡಿಸುವುದು. ಮಣ್ಣು ಹರಿದು ಹೋಗಬೇಕು, ಕರೀ ಕಲ್ಲು ಉಳಿಯಬೇಕು. ಚಳಿಗಾಲದಲ್ಲಿ ಬೆರಳಿನ ತುದಿ ಮೊದಲು ಉರಿಯುತ್ತಿತ್ತು, ಆಮೇಲೆ ಉರಿಯುತ್ತಿರಲಿಲ್ಲ. ಉಗುರು ಕಿತ್ತು ಬಂದರೂ ಜರಡಿ ನಿಲ್ಲಿಸುವ ಹಾಗಿಲ್ಲ. ಬಸುರಿಯರು ನಿಂತರು, ಬಾಣಂತಿಯರು ನಿಂತರು. ಮುಟ್ಟಾದಾಗಲೂ ಅದೇ ನೀರಿನಲ್ಲಿ ನಿಂತಿದ್ದೇವೆ. ಯಾರೂ ಮೈಲಿಗೆ ಅನ್ನಲಿಲ್ಲ. ಆಗ ಆ ನೀರಿಗೆ ಜಾತಿ ಇರಲಿಲ್ಲ. ಟನ್ನಿನ ಲೆಕ್ಕ ಮಾತ್ರ ಇತ್ತು.

ನೀರಿನ ಮುಂದೆ ನಡೆಯುವುದು ಶುರುವಾಗಿದ್ದೂ ಆಗಲೇ. ಬೆಳಿಗ್ಗೆ ಕೆರೆಯ ತೂಬು ಎತ್ತಿದರೆ ಒಣ ಕಾಲುವೆಯಲ್ಲಿ ನೀರು ನುಗ್ಗಿ ಬರುತ್ತಿತ್ತು. ಕಾಲುವೆಯಲ್ಲಿ ಆಡು ಮಲಗಿರುತ್ತಿದ್ದವು, ಮಕ್ಕಳು ಆಡುತ್ತಿರುತ್ತಿದ್ದವು. ಒಂದು ಸಲ ನಮ್ಮ ಜೊತೆ ಅದಿರು ತೊಳೆಯುತ್ತಿದ್ದ ನಿಂಗಕ್ಕನನ್ನು ನೀರು ಕೊಚ್ಚಿಕೊಂಡು ಹೋಗಿ ಕಣದ ಜಾಲರಿಗೆ ಬಡಿಯಿತು, ಅಲ್ಲೇ ಸತ್ತಳು. ಆಮೇಲೆ ಕಂಪನಿಯವರು ಒಬ್ಬ ಆಳನ್ನು ಗೊತ್ತು ಮಾಡಿದರು. ನೀರಿಗಿಂತ ಮುಂದೆ ತಮಟೆ ಬಡಿಯುತ್ತಾ ಕಾಲುವೆಯಲ್ಲಿ ನಡೆಯಬೇಕು. ಕೇಳಿದವರು ಮೇಲೆ ಹತ್ತಬೇಕು. ತಮಟೆ ಇದ್ದದ್ದು ನಮ್ಮ ಮನೆಯಲ್ಲಿ. ನನ್ನ ಮಾವ ಅಂಜನಪ್ಪ ನಡೆದ, ಅವನು ತೀರಿದ ಮೇಲೆ ಬೋರಪ್ಪ ನಡೆದ. ಕೆಲಸ ಇಷ್ಟೇ. ಇದರಲ್ಲಿ ಪೂಜೆ ಇರಲಿಲ್ಲ, ಪದ್ಧತಿ ಇರಲಿಲ್ಲ.

ನೀರಿನ ಕೆಲಸ ಮುಗಿಸಿ ಬೋರಪ್ಪ ಮಿಲ್ಲಿಗೆ ಹೋಗುತ್ತಿದ್ದ. ಅದಿರು ಪುಡಿ ಮಾಡುವ ಮಿಲ್ಲು. ಒಳಗೆ ಎದುರಿಗಿದ್ದವನ ಮುಖ ಕಾಣದಷ್ಟು ಧೂಳು. ಸಂಜೆ ಬಂದರೆ ಅವನು ಉಗುಳಿದ್ದೂ ಕರಿ, ಸೀನಿದ್ದೂ ಕರಿ. ವರ್ಷ ಕಳೆದಂತೆ ಅವನ ಮಾತು ಸಣ್ಣಗಾಯಿತು. ಆಮೇಲೆ ಹಿಮ್ಮಡಿ ನೆಲಕ್ಕೆ ಊರುವುದು ನಿಂತಿತು, ಹುಂಜದ ಹಾಗೆ ತುದಿಗಾಲಲ್ಲಿ ನಡೆಯತೊಡಗಿದ. ಕೊನೆಗೆ ಮುಖ ಕಟ್ಟಿಕೊಂಡಿತು. ಸಿಟ್ಟು ಬಂದರೂ ಅದೇ ಮುಖ, ಹಸಿವಾದರೂ ಅದೇ ಮುಖ. ಮಗಳನ್ನು ತುರುವನೂರಿಗೆ ಮದುವೆ ಮಾಡಿ ಕಳಿಸಿದಾಗ ಇಡೀ ಕೇರಿ ಅತ್ತಿತು, ಅವನು ಗೋಡೆ ನೋಡುತ್ತಾ ನಿಂತಿದ್ದ. ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ನಗುತ್ತಿದ್ದ. ಯಾಕೆ ಅಂತ ಕೇಳಿದರೆ, ಗೊತ್ತಿಲ್ಲ, ಬರ್ತೈತೆ ಅನ್ನುತ್ತಿದ್ದ. ಮಿಲ್ಲಿನಲ್ಲಿದ್ದ ಇನ್ನೂ ಕೆಲವರಿಗೆ ಹೀಗೇ ಆಯಿತು.

ಕಂಪನಿ ಡಾಕ್ಟರು ಅವನನ್ನು ನಡೆಸಿ ನೋಡಿ, ಕುಡಿಯೋದು ಬಿಡು ಅಂದ. ಬೋರಪ್ಪ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ.

ಒಂದು ದಿನ ಕೆಲಸಕ್ಕೆ ಕರೆಯುವ ಸೈರನ್ನು ಕೂಗಲಿಲ್ಲ. ಅಷ್ಟೇ. ಗಣಿ ಮುಚ್ಚಿತು. ಗುಡ್ಡದಿಂದ ಅದಿರು ಇಳಿಸುತ್ತಿದ್ದ ತಂತಿಯ ತೊಟ್ಟಿಲುಗಳು ಎಲ್ಲಿದ್ದವೋ ಅಲ್ಲೇ ನಿಂತವು. ಈಗಲೂ ಕೆಲವುಗಳಲ್ಲಿ ಅದಿರು ಹಾಗೇ ಇದೆ. ಗಾಳಿ ಬಂದರೆ ಕಿರುಗುಡುತ್ತವೆ. ಬೆಂಗಳೂರಿನಿಂದ ಒಬ್ಬ ಸಾಹೇಬ ಬಂದು, ಇದು ಭಾಳ ಅಪರೂಪದ ಯಂತ್ರ, ಕಾಪಾಡಿಕೊಳ್ಳಬೇಕು ಅಂತ ಫೋಟೋ ಹಿಡಿದುಕೊಂಡು ಹೋದ. ಹಿಡಿಯುವಾಗ ಬೋರಪ್ಪ ಅಡ್ಡ ಇದ್ದ. ಸ್ವಲ್ಪ ಆಚೆ ನಿಲ್ಲಪ್ಪ, ಚಿತ್ರ ಕೆಡ್ತದೆ ಅಂದ.

ವಯಸ್ಸಿದ್ದವರು ಹಿರಿಯೂರಿಗೆ ಕಾಯಿ ಸುಲಿಯಲು ಹೋದರು, ಭದ್ರಾವತಿಗೆ ಹೋದರು. ನಾವು ಉಳಿದವರು ಉಳಿದೆವು. ಗಣಿ ಇದ್ದಾಗ ಆಳು ಒದಗಿಸುತ್ತಿದ್ದ ಕಂತ್ರಾಟುದಾರ ಶಿವಕುಮಾರಪ್ಪ, ಗಣಿ ಮುಚ್ಚಿದ ಮೇಲೆ ಗೌಡರಾದರು. ಕಾಲುವೆಯನ್ನು ಮುಂದಕ್ಕೆ ತೋಡಿಸಿ ತಮ್ಮ ತೆಂಗಿನ ತೋಟಕ್ಕೆ ತಿರುಗಿಸಿದರು. ತೋಡಿದವರು ಮತ್ತೆ ನಾವೇ. ಮೇಲಿನ ಬೀದಿಯ ಮೇಲ್ಜಾತಿಯವರು ಅದೇ ನೀರು ಕುಡಿಯತೊಡಗಿದರು. ಕುಡಿಯತೊಡಗಿದ್ದೇ ತಡ, ನೀರು ಗಂಗೆಯಾಯಿತು. ಗಂಗೆಯಾದ ಮೇಲೆ ಮಾದಿಗರು ಮುಟ್ಟುವ ಹಾಗಿಲ್ಲ.

ಕಾಲುವೆಗೆ ಅಡ್ಡಲಾಗಿ, ದಾಟಲು ಕಟ್ಟಿದ ಒಂದು ಕಲ್ಲಿನ ಮೋರಿ ಇದೆ. ಮೋರಿಯಿಂದ ಮೇಲಕ್ಕೆ ಕೆರೆಯ ಕಡೆ, ಕಂಪನಿ ಆಳುಗಳಿಗೆ ಕಟ್ಟಿಸಿದ ಸಾಲುಮನೆ, ನಮ್ಮ ಗಣಿ ಲೈನು; ಕೆಳಕ್ಕೆ ಅವರ ಬೀದಿ ಮತ್ತು ತೋಟ. ಮೋರಿಯ ಪಕ್ಕದಲ್ಲಿ ಒಂದು ಸಣ್ಣ ಕಂಡಿ. ಅದರಿಂದ ನೀರು ನಮ್ಮ ಗುಂಡಿಗೆ ಬೀಳುತ್ತದೆ. ನಾವು ಗುಂಡಿಯಲ್ಲಿ ತುಂಬಿಕೊಳ್ಳಬೇಕು, ಕಾಲುವೆಗೆ ಕೈ ಹಾಕಬಾರದು. ಆ ಕಂಡಿ ತೆರೆದಿರಬೇಕಾದರೆ ಒಂದು ಕರಾರು. ವರ್ಷವೂ ಹೂಳು ತೆಗೆದ ಮೇಲೆ ಹೊಸ ನೀರು ಬಿಡುವ ದಿನ ನಮ್ಮ ಮನೆಯವನು ತಮಟೆ ಬಡಿಯುತ್ತಾ ನೀರಿನ ಮುಂದೆ ನಡೆಯಬೇಕು. ನೀರು ಅವನ ಕಾಲಿಗೆ ತಾಗಬಾರದು. ಮೋರಿ ಬಂದ ಕೂಡಲೇ ಅವನು ಮೇಲೆ ಹತ್ತಿಕೊಳ್ಳಬೇಕು, ಅಲ್ಲಿಂದಾಚೆ ನೀರಿಗೆ ಕುಂಕುಮ, ಹೂವು, ಆರತಿ.

ಗಣಿ ಹೊಂಡದಲ್ಲೂ ನೀರಿದೆ. ಅದನ್ನು ಕುಡಿದ ದನಗಳು ಕಾಲೆಳೆದು ಸತ್ತವು. ಹೀಗಾಗಿ ಲೈನಿನವರ ಬಾಯಿಗೆ ಇದ್ದದ್ದು ಆ ಕಂಡಿಯೊಂದೇ.

ನಾನು ಹೇಳುತ್ತಿರುವುದು ಎಮರ್ಜೆನ್ಸಿ ಮುಗಿದು ಓಟು ನಡೆದ ವರ್ಷದ ಮಾತು. ಗೌಡರ ಆಳು ಮೂರ್ತಪ್ಪ ಬಂದು ಬೇಲಿಯಾಚೆ ನಿಂತ.

"ಸೋಮವಾರ ನೀರು ಬಿಡ್ತಾರಂತೆ. ಬೋರಪ್ಪನ್ನ ಕರ್ಕಂಡು ಬರಬೇಕಂತೆ."

ಕರೆದುಕೊಂಡು ಹೋದೆ. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ನಾವು ತಿಪ್ಪೆಯ ಪಕ್ಕ ಬಿಸಿಲಲ್ಲಿ ನಿಂತೆವು.

"ಏನ್ಲೇ ಬೋರ, ನಡೀತೀಯ ತಾನೆ?"

ಬೋರಪ್ಪನಿಗೆ ಮಾತು ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವನು ಗೌಡರ ಮುಖವನ್ನೇ ನೋಡುತ್ತಿದ್ದ. ರೆಪ್ಪೆ ಹೊಡೆಯಲಿಲ್ಲ.

"ನೋಡು, ಹೆಂಗೆ ನೋಡ್ತಾನೆ. ನಾನೇನು ಇವನ ಆಳಾ?"

"ಇಲ್ರಿ ಗೌಡ್ರೆ," ಅಂದೆ ನಾನು. "ಅದು ಮಿಲ್ಲಿನ ಕಾಯಿಲೆ. ಮುಖ ಹಂಗೇ ಕಟ್ಕಂಡೈತೆ. ಬೇಕಂತ ಮಾಡಾಕಿಲ್ಲ."

"ಮುಖಕ್ಕೆ ಕಾಯಿಲೆ. ಕುತ್ತಿಗೆಗೂ ಬಂದೈತೇನು? ಬಗ್ಗಾಕೆ ಬರಲ್ವಾ?"

ಬರುವುದಿಲ್ಲ ಅಂತ ಹೇಳಿದರೆ ಕಂಡಿ ಮುಚ್ಚುತ್ತದೆ. ನಾನು ಬೋರಪ್ಪನ ಹಿಂದೆ ಹೋಗಿ ಅವನ ಕುತ್ತಿಗೆಯ ಮೇಲೆ ಕೈಯಿಟ್ಟು ಒತ್ತಿದೆ. ಮರದ ದಿಮ್ಮಿ ಒತ್ತಿದ ಹಾಗಿತ್ತು. ಮೈಭಾರ ಹಾಕಿ ಒತ್ತಿದೆ. ಸ್ವಲ್ಪ ಬಗ್ಗಿತು. ಗೌಡರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಚಿಕೆಯೋ ಸಿಟ್ಟೋ, ನನಗೆ ಏನಾಗಬೇಕಿತ್ತೋ ಅದು ಆಗಲಿಲ್ಲ. ಕೈಗೆ ಬೆಂಕಿ ತಾಗಿದ ಹಾಗೆ, ಸುಟ್ಟಿತು, ಗೊತ್ತಾಗಲಿಲ್ಲ.

"ನಡೀತೀನಿ," ಅಂದ ಬೋರಪ್ಪ. ಬಗ್ಗಿಕೊಂಡೇ ಅಂದ. ಆಗ ಬಂತು ಅವನ ಮಾತು.

"ಗೌಡ್ರೆ," ಅಂದೆ ನಾನು, "ಅವನ ಕೈಲಿ ಓಡಾಕಾಗಲ್ಲ. ಈ ವರ್ಷ ನಾನು ನಡೀತೀನಿ. ತಮಟೆ ನಂಗೂ ಬಡಿಯಾಕೆ ಬರ್ತೈತೆ."

"ಹೆಂಗಸು ಗಂಗಮ್ಮನ ಮುಂದೆ ನಡೆಯೋದಾ? ಮೈಲಿಗೆ ಗೀಲಿಗೆ ಏನೂ ಇಲ್ವಾ ನಿಮಗೆ? ಹಿಂದಿನಿಂದ ಬಂದ ಪದ್ಧತಿ ಇದು."

ಹಿಂದಿನಿಂದ ಅಂದರೆ ಯಾವ ಹಿಂದಿನಿಂದ? ನನ್ನ ಮಗಳಿಗಿಂತ ಚಿಕ್ಕದು ಅವರ ಪದ್ಧತಿ. ಇದೇ ಮನುಷ್ಯ ಕಂತ್ರಾಟುದಾರನಾಗಿದ್ದಾಗ ಮುಟ್ಟಾಗಿ ಮನೆಯಲ್ಲಿ ಕೂತ ಹೆಂಗಸರನ್ನು ಲೈನಿಗೆ ಬಂದು ಎಬ್ಬಿಸಿ ಇದೇ ನೀರಿಗೆ ಇಳಿಸಿದ್ದಾನೆ. ಇದೆಲ್ಲ ನನ್ನ ತಲೆಯಲ್ಲಿ ಇತ್ತು. ಬಾಯಿಗೆ ಬರಲಿಲ್ಲ. ನನಗೂ ಬೋರಪ್ಪನ ಕಾಯಿಲೆಯೇ ಬಂತೇನೋ.

"ಆಗಲ್ಲಾಂದ್ರೆ ಬಿಡ್ರಿ," ಅಂದರು ಗೌಡರು. "ಬಲವಂತ ಏನಿಲ್ಲ. ಕಂಡಿಗೆ ಕಲ್ಲು ಜಡಿಸ್ತೀನಿ. ಗಣಿ ಹೊಂಡ ಐತಲ್ಲ, ಕುಡ್ಕಳ್ರಿ."

ಲೈನಿಗೆ ಬಂದೆವು. ಜಗಲಿಯ ಮೇಲೆ ತಿಪ್ಪಕ್ಕ ಎಲೆಯಡಿಕೆ ಕುಟ್ಟುತ್ತಿದ್ದಳು. ಕಾಲುವೆಯಲ್ಲಿ ನನ್ನ ಪಕ್ಕ ನಿಂತು ಅದಿರು ತೊಳೆದವಳು. ಅವಳ ಕಾಲಿನ ಬೆರಳು ಒಂದಕ್ಕೊಂದು ಅಂಟಿಕೊಂಡಿವೆ, ನಾಲಿಗೆ ಮಾತ್ರ ಚೆನ್ನಾಗಿದೆ.

"ಏನಪ್ಪ ಬೋರಪ್ಪ, ನೀರಿಗಿಂತ ಮುಂದೆ ಹೋಗ್ಬೇಕಂತೆ. ನೀನು ನಮ್ಮ ಮುದಿ ಎಮ್ಮೆಗಿಂತ ಹಿಂದೆ."

ಬೋರಪ್ಪ ನಕ್ಕ. ಕಾಯಿಲೆಯ ನಗುವೋ, ಅವಳ ಮಾತಿಗೆ ಬಂದ ನಗುವೋ, ತಿಳಿಯಲಿಲ್ಲ.

ತೂಬು ಎತ್ತುವವನು ದಾಸಣ್ಣ, ಅವನೂ ಲೈನಿನವನೇ. ಕೆರೆ ಏರಿಯ ಮೇಲೆ ತೂಬಿನ ಬಾವಿ ಇದೆ. ಅದರೊಳಗೆ ಇಳಿದು ಕೊಳೆತ ಕೆಸರಿನಲ್ಲಿ ಕೈಯಾಡಿಸಿ ತೂಬಿನ ಬಾಯಿಗೆ ಜಡಿದ ಬೆಣೆ ಎಬ್ಬಿಸಬೇಕು. ಹಾವು ಇರುತ್ತದೆ. ಬೇರೆ ಯಾರೂ ಅದಕ್ಕೆ ಇಳಿದವರಲ್ಲ.

"ಹೆದರಬೇಡ ಕಣಕ್ಕ," ಅಂದ ದಾಸಣ್ಣ. "ಬೆಣೆ ಚೂರೇ ಎತ್ತತೀನಿ. ನೀರು ಮೆಲ್ಲಗೆ ಬರ್ಲಿ. ಅಣ್ಣ ಆರಾಮಾಗಿ ನಡ್ಕಂಡು ಮೋರಿ ಹತ್ತಲಿ."

ಅದನ್ನೇ ನಂಬಿಕೊಂಡೆ.

ಸೋಮವಾರ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿದೆ. ಬೋರಪ್ಪನ ಕೊರಳಿಗೆ ಹಾಕಿದೆ. ಕಡ್ಡಿ ಹಿಡಿದ ಕೂಡಲೇ ಅವನ ಕೈ ಸರಿಯಾಯಿತು. ಮುಖ ಸತ್ತಿತ್ತು, ಕಾಲು ಸೆಟೆದಿತ್ತು, ತಮಟೆ ಮಾತ್ರ ಮೊದಲಿನ ಹಾಗೇ ನುಡಿಯಿತು. ಅವನು ಒಣ ಕಾಲುವೆಯಲ್ಲಿ ನಡೆದ. ನಾನು ದಡದ ಮೇಲೆ ಅವನ ಜೊತೆಗೇ ನಡೆದೆ. ಲೈನಿನ ಹೆಂಗಸರೆಲ್ಲ ಕೊಡ ಹಿಡಿದು ಗುಂಡಿಯ ಹತ್ತಿರ ಕಾದಿದ್ದರು. ಮೋರಿಯ ಆಚೆ ಗೌಡರು, ಪೂಜಾರಿ, ಮೇಲಿನ ಬೀದಿಯವರು.

ಅರ್ಧ ದಾರಿಯಲ್ಲಿ ಸದ್ದು ಕೇಳಿತು. ಮೆಲ್ಲಗೆ ಬರುವ ನೀರಿನ ಸದ್ದಲ್ಲ ಅದು. ಅದಿರು ತೊಳೆದವಳಿಗೆ ನೀರಿನ ಸದ್ದು ಗೊತ್ತಾಗುತ್ತದೆ. ಆಮೇಲೆ ತಿಳಿಯಿತು, ಏರಿಯ ಮೇಲೆ ಮೂರ್ತಪ್ಪ ನಿಂತು, ಮುಹೂರ್ತ ಮೀರ್ತೈತೆ, ಪೂರ್ತಿ ಎತ್ತಲೇ ಅಂತ ದಾಸಣ್ಣನ ತಲೆಯ ಮೇಲೆ ಕೋಲು ಹಿಡಿದಿದ್ದನಂತೆ.

"ಮಾವ, ಬಿರ್ರನೆ," ಅಂತ ಬೋರಪ್ಪನಿಗೆ ಅಂದೆ.

ಅವನು ಬಿರ್ರನೆ ಹೋಗಲು ನೋಡಿದ. ತುದಿಗಾಲಲ್ಲಿ ಮುಂದಕ್ಕೆ ಮುಗ್ಗರಿಸುತ್ತಾ ಓಡಿದ. ತಮಟೆ ನಿಲ್ಲಿಸಲಿಲ್ಲ. ಹಿಂದೆ ತರಗೆಲೆ, ಬೆರಣಿ, ನೊರೆ ಹೊತ್ತುಕೊಂಡು ನೀರು ತಿರುವಿನಲ್ಲಿ ಕಾಣಿಸಿತು. ಮೋರಿಯ ಮೆಟ್ಟಿಲುಗಲ್ಲು ಹತ್ತಿರವೇ ಇತ್ತು. ಒಂದು ಕಾಲು ಕಲ್ಲಿನ ಮೇಲೆ ಇಟ್ಟ. ಇನ್ನೊಂದು ಏಳಲಿಲ್ಲ. ನಾನು ಬಗ್ಗಿ ಕೈ ಕೊಟ್ಟೆ. ಹಿಡಿದೆನೋ ಇಲ್ಲವೋ ನನಗೆ ತಿಳಿಯಲಿಲ್ಲ, ನನ್ನ ಕೈಗೆ ಗೊತ್ತಾಗುವುದಿಲ್ಲ. ನೋಡುವಾಗ ಅವನ ಕೈ ನನ್ನ ಕೈಯಲ್ಲಿ ಇರಲಿಲ್ಲ.

ನೀರು ಅವನ ಹಿಮ್ಮಡಿಗೆ ಬಂತು, ಮೊಣಕಾಲಿಗೆ ಬಂತು. ಅವನು ಹಿಂದಕ್ಕೆ ಕುಸಿದು ನೀರಿನಲ್ಲೇ ಕೂತ. ತಮಟೆ ಕೊರಳಿಂದ ಜಾರಿ ತೇಲಿತು. ತೇಲುತ್ತಾ ಮೋರಿಯ ಕೆಳಗೆ ನುಗ್ಗಿ ಅತ್ತಲಾಗೆ ಹೊರಟಿತು, ಅವರ ಹೂವು ಕುಂಕುಮದ ನಡುವೆ.

"ಚರ್ಮ, ಚರ್ಮ ಬಂತು," ಅಂತ ಯಾರೋ ಕೂಗಿದರು. ಮೋರಿಯಾಚೆ ಕೊಡ ಹಿಡಿದು ಕಾದಿದ್ದವರೆಲ್ಲ ಹಿಂದೆ ಸರಿದರು. ಮೋರಿಗೆ ಹಲಗೆ ಇಳಿಸಿ ನೀರು ತಡೆದರು.

ಆಗ ಬೋರಪ್ಪ ನಕ್ಕ. ಜೋರಾಗಿ ನಕ್ಕ. ಮುಖ ನಗುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು.

ಏರಿಯಿಂದ ಓಡಿ ಬಂದಿದ್ದ ಮೂರ್ತಪ್ಪ ದಡದಲ್ಲಿ ನಿಂತೇ ಅವನ ಬೆನ್ನಿಗೆ ಬಾರಿಸಿದ. ಮತ್ತೆ ಬಾರಿಸಿದ. ಬೋರಪ್ಪನ ಮುಖ ಬದಲಾಗಲಿಲ್ಲ. ನಗುವೂ ನಿಲ್ಲಲಿಲ್ಲ. ಹೊಡೆದವನಿಗೇ ಹೆದರಿಕೆಯಾಗಿ ಕೋಲು ಇಳಿಸಿದ. ನಾನು ನೋಡುತ್ತಾ ನಿಂತಿದ್ದೆ. ಗಂಡನಿಗೆ ಹೊಡೆಯುತ್ತಿದ್ದರೆ ಹೆಂಡತಿ ಎದೆ ಬಡಿದುಕೊಳ್ಳಬೇಕು. ನನಗೆ ಅಳು ಬರಲಿಲ್ಲ. ಎದೆಯಲ್ಲೂ ಉಗುರು ಕಿತ್ತು ಹೋಗಿತ್ತು.

ಗೌಡರು ಮೋರಿಯ ಮೇಲೆ ಬಂದು ನಿಂತರು. ಕೂಗಲಿಲ್ಲ. ಕಣದಲ್ಲಿ ನಿಂತು ಆಳುಗಳಿಗೆ ಕೆಲಸ ಹಂಚುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

"ಕೆಡಿಸಿದವರೇ ತೆಗೀಬೇಕು. ಹೆಂಗಸರೆಲ್ಲ ಇಳೀರಿ. ಈ ಮುಟ್ಟಿದ ನೀರನ್ನ ಕೊಡದಾಗೆ ತುಂಬಿ ತುಂಬಿ ಆಚೆ ಚೆಲ್ರಿ. ಒಂದು ಹನಿ ಉಳೀಬಾರದು. ಆಮೇಲೆ ಮತ್ತೆ ಹೊಸ ನೀರು ಬಿಡಾಣ. ಈ ವರ್ಷ ಕಂಡಿ ಇಲ್ಲ ನಿಮಗೆ."

ಅಂದರೆ, ನಾವು ಮುಟ್ಟಿ ಕೆಟ್ಟ ನೀರನ್ನು ನಾವೇ ಮುಟ್ಟಿ ಚೆಲ್ಲಬೇಕು.

ಇಳಿದೆವು. ಹೇಳಿದರೆ ಇಳಿಯುವುದು ಕಾಲಿಗೆ ಅಭ್ಯಾಸ. ನಾನು, ತಿಪ್ಪಕ್ಕ, ಹಿಂದೆ ಉಳಿದವರು, ಮೊದಲು ಅದಿರು ತೊಳೆಯುವಾಗ ಹೇಗೆ ನಿಲ್ಲುತ್ತಿದ್ದೆವೋ ಹಾಗೇ ಸಾಲಾಗಿ ನಿಂತೆವು. ಮೊಣಕಾಲುದ್ದ ನೀರು. ನಾನು ಕೊಡ ಮುಳುಗಿಸಿದೆ. ಅದು ಗುಳುಗುಳು ಅಂತ ತುಂಬಿತು. ಎತ್ತಿದೆ. ದಡದ ಆಚೆ ಚೆಲ್ಲಬೇಕು. ನನ್ನ ಪಕ್ಕದಲ್ಲಿ ಬೋರಪ್ಪ ಕೂತಿದ್ದ. ನಗು ನಿಂತಿತ್ತು. ತುಟಿ ಒಣಗಿತ್ತು. ಎದೆಮಟ್ಟ ನೀರಿನಲ್ಲಿ ಕೂತವನ ತುಟಿ ಒಣಗಿತ್ತು.

ನಾನು ಚೆಲ್ಲಲಿಲ್ಲ. ಕೊಡವನ್ನು ಅವನ ಬಾಯಿಗೆ ಹಿಡಿದೆ. ಅವನು ಕುಡಿದ. ಅರ್ಧ ಕುಡಿದ, ಅರ್ಧ ಎದೆಯ ಮೇಲೆ ಸುರಿಯಿತು. ಆಮೇಲೆ ನಾನು ಕುಡಿದೆ. ಕೊಡ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತೆ.

"ಏನ್ಲೇ ಅದು? ಎದ್ದೇಳು," ಅಂದರು ಗೌಡರು.

"ಏಳಾಕಿಲ್ಲ," ಅಂದೆ.

ಆ ಮಾತು ಯಾರು ಆಡಿದರು ಅಂತ ನಾನೇ ಒಂದು ಸಲ ನೋಡಿದೆ.

"ಚೆಲ್ಲೋದಿಲ್ವಾ?"

"ಚೆಲ್ಲಾಕಿಲ್ಲ. ಬಸುರಿಯಾಗಿ ಈ ನೀರಾಗೆ ನಿಲ್ಲಿಸಿದ್ರಿ. ಮುಟ್ಟಾದಾಗ ನಿಲ್ಲಿಸಿದ್ರಿ. ನಿಂಗಕ್ಕ ಇದರಾಗೇ ಸತ್ಲು. ಆಗ ಒಂದು ದಿನಾನೂ ಚೆಲ್ಲು ಅನ್ನಲಿಲ್ಲ ನೀವು. ಈಗ ಯಾಕೆ ಚೆಲ್ಲಾಣ?"

ಗೌಡರು ತಿಪ್ಪಕ್ಕನ ಕಡೆ ನೋಡಿದರು. "ನೀನು ಹಿರಿಯಳು. ಬುದ್ಧಿ ಹೇಳು ಇವಳಿಗೆ."

ತಿಪ್ಪಕ್ಕ ತನ್ನ ಕೊಡ ತುಂಬಿ ಎತ್ತಿದಳು. ಎತ್ತಿ ಬಾಯಿಗೆ ಇಟ್ಟುಕೊಂಡಳು. ಕುಡಿದು ಬಾಯಿ ಒರೆಸಿಕೊಂಡಳು.

"ಸಿಹಿ ಐತೆ ಗೌಡ್ರೆ," ಅಂದಳು. "ಗುಂಡಿಯಾಗೆ ಬಿದ್ದ ಮೇಲೆ ಇಷ್ಟು ಸಿಹಿ ಇರಾಕಿಲ್ಲ." ಹಾಗಂದವಳೇ ಸೀರೆ ಎತ್ತಿಕಟ್ಟದೆ ನನ್ನ ಪಕ್ಕ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕುಡಿದು ಕೂತರು. ಕೆಲಸದ ನಡುವೆ ಊಟಕ್ಕೆ ಕೂತ ಹಾಗೆ ಕೂತರು.

"ತೂಬು ಮುಚ್ಚಿಸ್ರಿ. ಲೇ ದಾಸ, ಎಲ್ಲಿದೀಯ? ಹೋಗು, ತೂಬು ಮುಚ್ಚು."

ದಾಸಣ್ಣ ದಡದಲ್ಲಿದ್ದ. ಮೈಯೆಲ್ಲ ಬಾವಿಯ ಕೆಸರು. ಮೋರಿಯ ಮೇಲಿದ್ದ ಗೌಡರನ್ನು ನೋಡಿದ, ನೀರಿನಲ್ಲಿದ್ದ ನಮ್ಮನ್ನು ನೋಡಿದ. ಕಾಲುವೆಗೆ ಇಳಿದು ಮುಖ ತೊಳೆದುಕೊಂಡ.

"ಬಾವಿಗೆ ಇಳಿದು ಬೆಣೆ ಜಡೀಬೇಕು ಗೌಡ್ರೆ," ಅಂದ. "ನೀವೇ ಇಳೀರಿ. ಇಲ್ಲಾ ಪೂಜಾರ್ರನ್ನ ಇಳಿಸ್ರಿ."

ಗೌಡರು ಮೂರ್ತಪ್ಪನ ಕಡೆ ತಿರುಗಿದರು. ಮೂರ್ತಪ್ಪ ಕೋಲನ್ನು ನೋಡಿಕೊಂಡ. ಯಾರ ಕಾಲೂ ಏರಿಯ ಕಡೆ ಹೊರಡಲಿಲ್ಲ.

ನಾಳೆ ಏನಾಗುತ್ತದೆ ಅಂತ ನಮಗೆ ಗೊತ್ತಿರಲಿಲ್ಲ ಅಂತಲ್ಲ. ಹೊಸದುರ್ಗದಿಂದ ಪೊಲೀಸರು ಬರಬಹುದು. ಲೈನಿನ ಮೇಲೆ ಕಲ್ಲು ಬೀಳಬಹುದು, ಬೆಂಕಿ ಬೀಳಬಹುದು. ಕೂಲಿ ನಿಲ್ಲುವುದಂತೂ ಖಂಡಿತ. ಎಲ್ಲರ ತಲೆಯಲ್ಲೂ ಇದೇ ಇತ್ತು. ಆದರೂ ಯಾರೂ ಏಳಲಿಲ್ಲ. ನಾನು ನೀರಿನೊಳಗೆ ಕೈ ಹಾಕಿ ಬೋರಪ್ಪನ ಕೈ ಹುಡುಕಿದೆ. ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ಮೇಲೆತ್ತಿ ನೋಡಿದೆ. ಅವನು ಹಿಡಿದುಕೊಂಡಿದ್ದ.

ತೂಬಿನಿಂದ ನೀರು ಬರುತ್ತಲೇ ಇತ್ತು. ಮುಂದೆ ಹಲಗೆ ಅಡ್ಡ ಇದ್ದದ್ದರಿಂದ ನಮ್ಮ ಸುತ್ತ ಏರಿತು. ಕೂತವರ ಹೆಗಲಿಗೆ ಬಂತು, ಕುತ್ತಿಗೆಗೆ ಬಂತು. ಬೋರಪ್ಪನನ್ನು ನಾನು, ದಾಸಣ್ಣ ಎರಡೂ ಕಡೆ ಹಿಡಿದು ಮೇಲೆತ್ತಿ ನಮ್ಮ ನಡುವೆ ನಿಲ್ಲಿಸಿಕೊಂಡೆವು. ಹೆಂಗಸರೂ ಎದ್ದು ನಿಂತರು. ಮೋರಿಯಾಚೆ ಕೊಡ ಹಿಡಿದವರು ಇನ್ನೂ ಕಾದಿದ್ದರು, ಅವರ ತೋಟ ಕಾದಿತ್ತು. ನೀರು ನಮ್ಮ ಮೈ ಸುತ್ತಿ, ಹಲಗೆಯ ಅಂಚಿಗೆ ಬಂದು, ಅಂಚು ದಾಟಿ, ಅವರ ಕಡೆಗೆ ಬಿದ್ದು ಹರಿಯಿತು.